ಇಪ್ಪತ್ತಕ್ಕೇ ನಿಯಮ ಬದಲಾದರೆ ಏನು ಮಾಡೋದು?

ನಮ್ಮ ಹಾಸ್ಟೆಲ್ ಫುಟ್‌ಬಾಲ್ ತಂಡದಲ್ಲಿ ನಾನು ಗೋಲ್‌ಕೀಪರ್. ಪ್ರತಿಭೆ ನೋಡಿ ಯಾರೂ ಆರಿಸಿದ್ದಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎಲ್ಲರಿಗೂ ಸ್ಟ್ರೈಕರ್ ಆಗುವ ಆಸೆ. ಒಬ್ಬ ಸೀನಿಯರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಲೇ, ನೀನು ಉದ್ದ ಇದ್ದೀಯಲ್ಲ, ಹೋಗಿ ಗೋಲಲ್ಲಿ ನಿಂತ್ಕೋ’ ಎಂದರು. ಅಂದು ನಿಂತವನು ಮೂರು ವರ್ಷದಿಂದ ಅಲ್ಲೇ ನಿಂತಿದ್ದೇನೆ. ಗೆದ್ದ ದಿನ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತ ದಿನ ಮೆಸ್‌ನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಕಳೆದ ತಿಂಗಳು ಇಂಟರ್ನಲ್ಸ್ ಮುಗಿದ ರಾತ್ರಿ ಮೊಬೈಲ್‌ನಲ್ಲಿ ಹಳೆಯ ಪಂದ್ಯಗಳ ತುಣುಕು ನೋಡುತ್ತಿದ್ದೆ. 2003ರ ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯವೊಂದು ಬಂತು. ಸೌತಾಂಪ್ಟನ್ ತಂಡ ಫುಲ್‌ಹ್ಯಾಮ್ ಎದುರು 1–2ರಿಂದ ಹಿಂದಿದೆ. ಪಂದ್ಯ ಮುಗಿಯಲು ಇನ್ನೇನು ಕೆಲವೇ ಕ್ಷಣ. ಸೌತಾಂಪ್ಟನ್‌ಗೆ ಕಾರ್ನರ್ ಕಿಕ್ ಸಿಕ್ಕಿದೆ. ಅಷ್ಟರಲ್ಲಿ ಅವರ ಗೋಲ್‌ಕೀಪರ್ ತನ್ನ ಗೋಲುಪೆಟ್ಟಿಗೆ ಖಾಲಿ ಬಿಟ್ಟು ಇಡೀ ಮೈದಾನ ದಾಟಿ ಓಡಿಬಂದು, ನೆಲಕ್ಕೆ ಬೀಳುವ ಮೊದಲೇ ಚೆಂಡನ್ನು ಒದ್ದೇಬಿಟ್ಟರು. ಸಿನಿಮಾದಲ್ಲಾದರೆ ಅದು ಗೋಲೇ ಆಗಬೇಕಿತ್ತು. ಇಲ್ಲಿ ಚೆಂಡು ಅಡ್ಡಕಂಬಕ್ಕೆ ಬಡಿದು ವಾಪಸ್ ಬಂತು. ಅಲ್ಲೇ ಇದ್ದ ಮೈಕೆಲ್ ಸ್ವೆನ್ಸನ್ ಅದನ್ನು ಒಳಕ್ಕೆ ಕಳಿಸಿದರು. ಪಂದ್ಯ 2–2 ಡ್ರಾ. ದಾಖಲೆಯಲ್ಲಿ ಗೋಲು ಸ್ವೆನ್ಸನ್ ಹೆಸರಿಗೆ.

ಆ ಗೋಲ್‌ಕೀಪರ್ ಯಾರೆಂದು ಹುಡುಕಿದೆ. ಫಿನ್ಲೆಂಡಿನ ಆಂತಿ ನಿಯೆಮಿ. ಪಕ್ಕದಿಂದ ಇಣುಕಿದ ರೂಮ್‌ಮೇಟ್ ಇಂಗ್ಲಿಷ್ ಅಕ್ಷರಗಳನ್ನು ಓದಿ, ‘ಯಾವ ಆಂಟಿನೋ ಅದು, ಇಷ್ಟು ಹೊತ್ತಲ್ಲಿ?’ ಎಂದು ನಕ್ಕ. ಹೆಸರಿನ ಗೊಂದಲ ಅಷ್ಟಕ್ಕೇ ನಿಲ್ಲಲಿಲ್ಲ. ಇದೇ ಹೆಸರಿನ, ಇದೇ ದೇಶದ ಇನ್ನೊಬ್ಬರು ಐಸ್ ಹಾಕಿ ಗೋಲ್‌ಕೀಪರ್. 2010ರಲ್ಲಿ ಶಿಕಾಗೊ ತಂಡದೊಂದಿಗೆ ಪ್ರತಿಷ್ಠಿತ ಸ್ಟಾನ್ಲಿ ಕಪ್ ಗೆದ್ದವರು. ಐಸ್ ಹಾಕಿಯೇ ಉಸಿರಾಗಿರುವ ದೇಶದಲ್ಲಿ ಫುಟ್‌ಬಾಲ್ ಆಡಿ, ಕೊನೆಗೆ ಹೆಸರನ್ನೂ ಹಾಕಿಯವರ ಜೊತೆ ಹಂಚಿಕೊಳ್ಳಬೇಕಾದ ಮನುಷ್ಯನ ಮೇಲೆ ನನಗೆ ಯಾಕೋ ಅಕ್ಕರೆ ಹುಟ್ಟಿತು. ಅವರ ವೃತ್ತಿಬದುಕನ್ನು ಓದುತ್ತಾ ಹೋದೆ. ಪ್ಲೇಸ್‌ಮೆಂಟ್ ಭಯದಲ್ಲಿರುವ ನಮ್ಮಂಥವರಿಗೆ ಇದು ಹೇಳಲೇಬೇಕಾದ ಕಥೆ ಅನ್ನಿಸಿತು.

ನಿಯೆಮಿ ಹುಟ್ಟಿದ್ದು 1972ರ ಮೇ 31ರಂದು, ಫಿನ್ಲೆಂಡಿನ ಉತ್ತರದ ಊರು ಔಲುವಿನಲ್ಲಿ. ಅಂದರೆ 1992ರ ಬೇಸಿಗೆಯಲ್ಲಿ ಅವರಿಗೆ ಇಪ್ಪತ್ತು, ಈಗಿನ ನನ್ನ ವಯಸ್ಸು. ರಾಷ್ಟ್ರೀಯ ತಂಡಕ್ಕೆ ಅವರು ಮೊದಲು ಆಡಿದ್ದೂ ಅದೇ ವರ್ಷ. ಗೋಲ್‌ಕೀಪರ್ ಎಂಬ ಕೆಲಸದ ನಿಯಮ ಬದಲಾಗಿದ್ದೂ ಅದೇ ಬೇಸಿಗೆಯಲ್ಲಿ.

ಅದಕ್ಕೂ ಮೊದಲು ಹೇಗಿತ್ತೆಂದರೆ, ಡಿಫೆಂಡರ್‌ಗೆ ಎದುರಾಳಿಯ ಕಾಟ ಹೆಚ್ಚಾದರೆ ಚೆಂಡನ್ನು ತನ್ನದೇ ಗೋಲ್‌ಕೀಪರ್‌ಗೆ ಹಿಂದಕ್ಕೆ ಒದೆಯುತ್ತಿದ್ದ. ಕೀಪರ್ ಅದನ್ನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಒಂದು ಗೋಲಿನ ಮುನ್ನಡೆ ಸಿಕ್ಕರೆ ಸಾಕು, ಇದನ್ನೇ ಮತ್ತೆ ಮತ್ತೆ ಮಾಡಿ ಸಮಯ ಕಳೆಯಬಹುದಿತ್ತು. 1990ರ ಇಟಲಿ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲು ಮಾತ್ರ ಬಂದು, ನೋಡುವವರು ಆಕಳಿಸುವಂತಾಗಿತ್ತು. ಹಾಗಾಗಿ 1992ರಲ್ಲಿ ಹೊಸ ನಿಯಮ ಬಂತು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಎದುರಾಳಿಗೆ ಫ್ರೀ ಕಿಕ್.

ಒಂದು ಸಾಲಿನ ನಿಯಮ. ಆದರೆ ಹತ್ತಾರು ವರ್ಷ ಕೈಯನ್ನೇ ಪಳಗಿಸಿಕೊಂಡು ಬಂದವರು ರಾತ್ರೋರಾತ್ರಿ ಕಾಲನ್ನೂ ಕಲಿಯಬೇಕಾಯಿತು. ಎದುರಾಳಿ ಮೈಮೇಲೆ ನುಗ್ಗಿ ಬರುತ್ತಿರುವಾಗ ಚೆಂಡನ್ನು ಹಿಡಿತಕ್ಕೆ ತಂದುಕೊಂಡು, ಸರಿಯಾದವನಿಗೆ ದಾಟಿಸಬೇಕು. ಹಳೆಯ ಕೀಪರ್‌ಗಳಲ್ಲಿ ಎಷ್ಟೋ ಮಂದಿ ಗಾಬರಿಯಿಂದ ಚೆಂಡನ್ನು ಮೈದಾನದ ಆಚೆಗೆ ಒದ್ದು ಬದುಕಿಕೊಂಡರು.

ಗೆಳೆಯರೇ, ಇದನ್ನು ಓದುವಾಗ ನನಗೆ ನಮ್ಮ ಲ್ಯಾಬ್ ನೆನಪಾಯಿತು. ಮೊದಲ ವರ್ಷ ಸಿ ಪ್ರೋಗ್ರಾಮ್‌ನ ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ರಾತ್ರಿಯಿಡೀ ಒದ್ದಾಡಿದವರು ನಾವು. ಈಗ ಆರನೇ ಸೆಮಿಸ್ಟರ್. ಅದೇ ಪ್ರೋಗ್ರಾಮನ್ನು ಎಐ ಅರ್ಧ ನಿಮಿಷದಲ್ಲಿ ಬರೆದು ಕೊಡುತ್ತದೆ. ‘ಕೋಡಿಂಗ್ ಬಂದ್ರೆ ಸಾಕು, ಕೆಲಸ ಗ್ಯಾರಂಟಿ’ ಎಂದು ಹೇಳಿ ಸೇರಿಸಿದವರೇ ಈಗ ‘ಕೋಡಿಂಗ್ ಒಂದೇ ಬಂದ್ರೆ ಸಾಲದು’ ಎನ್ನುತ್ತಿದ್ದಾರೆ. ನಾವು ಕೈ ಪಳಗಿಸುತ್ತಿದ್ದಾಗಲೇ ಯಾರೋ ನಿಯಮ ಬದಲಿಸಿದರು. ಇದು ನಮ್ಮೊಬ್ಬರ ಹಣೆಬರಹ ಎಂದು ಕೊರಗುತ್ತಿದ್ದ ನನಗೆ 1992ರ ಬೇಸಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಹೊಸ ನಿಯಮದಿಂದ ಹೆಚ್ಚು ಕಷ್ಟವಾಗಿದ್ದು ಹಳೆಯದರಲ್ಲಿ ಪೂರ್ತಿ ನುರಿತವರಿಗೆ. ಇಪ್ಪತ್ತರ ಹುಡುಗನ ಮುಂದೆ ಕಲಿಯಲು ಇನ್ನೂ ವರ್ಷಗಳಿದ್ದವು.

ಹಾಗೆಂದು ನಿಯೆಮಿ ಕಲಿತ ಕೂಡಲೇ ಗೆದ್ದುಬಿಟ್ಟರು ಎಂದುಕೊಳ್ಳಬೇಡಿ. ಹೆಲ್ಸಿಂಕಿಯ ಎಚ್‌ಜೆಕೆ ಕ್ಲಬ್‌ನಲ್ಲಿ ಆಡಿ, 1995ರಲ್ಲಿ ಡೆನ್ಮಾರ್ಕಿನ ಎಫ್‌ಸಿ ಕೋಪನ್‌ಹೇಗನ್ ಸೇರಿದರು. 1997ರಲ್ಲಿ ಸ್ಕಾಟ್ಲೆಂಡಿನ ದೊಡ್ಡ ಕ್ಲಬ್ ರೇಂಜರ್ಸ್ ಕರೆಸಿಕೊಂಡಿತು. ನಮ್ಮ ಲೆಕ್ಕದಲ್ಲಿ ‘ಡ್ರೀಮ್ ಕಂಪನಿ’. 1998ರ ನವೆಂಬರ್‌ನಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ರೇಂಜರ್ಸ್ ಗೋಲು ಕಾದವರು ನಿಯೆಮಿ. ಸೇಂಟ್ ಜಾನ್‌ಸ್ಟನ್ ತಂಡವನ್ನು 2–1ರಿಂದ ಸೋಲಿಸಿ ಕಪ್ ಎತ್ತಿದ್ದೂ ಆಯಿತು. ಮುಂದಿನ ತಿಂಗಳೇ ಕ್ಲಬ್ ಜರ್ಮನಿಯಿಂದ ಸ್ಟೆಫಾನ್ ಕ್ಲೋಸ್ ಅವರನ್ನು ಕರೆತಂದಿತು. 1997ರಲ್ಲಿ ಡಾರ್ಟ್‌ಮುಂಡ್ ತಂಡದೊಂದಿಗೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಕೀಪರ್ ಅವರು. ಕಪ್ ಗೆದ್ದುಕೊಟ್ಟವರು ಬೆಂಚಿಗೆ ಹೋದರು.

ಬೇರೆ ಜಾಗದ ಆಟಗಾರನಾದರೆ ಬೆಂಚಿನಿಂದ ಆಗಾಗ ಮೈದಾನಕ್ಕೆ ಇಳಿಯಬಹುದು. ಕೊನೆಯ ಇಪ್ಪತ್ತು ನಿಮಿಷವಾದರೂ ಸಿಕ್ಕೀತು. ಕೀಪರ್‌ಗೆ ಆ ಭಾಗ್ಯವಿಲ್ಲ. ತಂಡಕ್ಕೆ ಒಬ್ಬನೇ ಕೀಪರ್. ಅವನು ಗಾಯಗೊಂಡರೆ, ಇಲ್ಲವೇ ತಪ್ಪು ಮಾಡಿದರೆ ಮಾತ್ರ ಇನ್ನೊಬ್ಬನ ಸರದಿ. ವರ್ಷವಿಡೀ ಅವರಂತೆಯೇ ಅಭ್ಯಾಸ ಮಾಡಬೇಕು, ಪ್ರತಿ ಶನಿವಾರ ಕೋಟು ಹಾಕಿಕೊಂಡು ಕೂರಬೇಕು.

ನಿಯೆಮಿ ಅಲ್ಪಾವಧಿಗೆ ಇಂಗ್ಲೆಂಡಿನ ಚಾರ್ಲ್‌ಟನ್‌ಗೆ ಎರವಲು ಹೋಗಿ ಬಂದರು. ಆಮೇಲೆ ರೇಂಜರ್ಸ್‌ಗಿಂತ ಚಿಕ್ಕ ಕ್ಲಬ್ಬಾದ ಎಡಿನ್‌ಬರೊದ ಹಾರ್ಟ್ಸ್ ಸೇರಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ಟೈರ್ ಒನ್’ ಬಿಟ್ಟು ‘ಟೈರ್ ಟೂ’ಗೆ ಇಳಿದರು. ಆದರೆ ಅಲ್ಲಿ ವಾರವಾರವೂ ಆಡಲು ಸಿಕ್ಕಿತು. ಆಡುತ್ತಾ ಆಡುತ್ತಾ ಸ್ಕಾಟ್ಲೆಂಡಿನ ಅತ್ಯುತ್ತಮ ಕೀಪರ್‌ಗಳಲ್ಲಿ ಒಬ್ಬರೆನಿಸಿದರು. 2002ರಲ್ಲಿ ಸೌತಾಂಪ್ಟನ್ ಸುಮಾರು 20 ಲಕ್ಷ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಪ್ರೀಮಿಯರ್ ಲೀಗ್‌ನಲ್ಲಿ ನಂಬರ್ ಒನ್ ಕೀಪರ್ ಆಗಿ ನಿಂತಾಗ ಅವರಿಗೆ ಮೂವತ್ತು. ನಿಯಮ ಬದಲಾಗಿ ಹತ್ತು ವರ್ಷ. ಅದೇ ಸೀಸನ್‌ನಲ್ಲೇ ಫುಲ್‌ಹ್ಯಾಮ್ ಎದುರು ಮೈದಾನದ ಆಚೆ ತುದಿಗೆ ಓಡಿಹೋಗಿ ಅವರು ಆ ಚೆಂಡನ್ನು ಒದ್ದದ್ದು. ಕೈಯ ಕೆಲಸ ಕಲಿತು ಬಂದವರ ಕಾಲು ನೋಡಿ!

ಆ ವರ್ಷದ ಇನ್ನೊಂದು ಸಂಗತಿ ನನಗೆ ಸೋಜಿಗ ತಂದಿತು. ಫಿನ್ಲೆಂಡಿನ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೂ 2002–03ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ ಫಿನ್ಲೆಂಡಿನ ಮೂವರು ಕೀಪರ್‌ಗಳಿದ್ದರು: ಸೌತಾಂಪ್ಟನ್‌ನಲ್ಲಿ ನಿಯೆಮಿ, ಬೋಲ್ಟನ್‌ನಲ್ಲಿ ಯೂಸ್ಸಿ ಯಾಸ್ಕೆಲಾಯ್ನೆನ್, ಆಸ್ಟನ್ ವಿಲ್ಲಾದಲ್ಲಿ ಪೀಟರ್ ಎಂಕೆಲ್‌ಮನ್.

ಈ ಮೂವರಲ್ಲಿ ಜನಕ್ಕೆ ಹೆಚ್ಚು ನೆನಪಿರುವುದು ಯಾರ ಯಾವ ಕ್ಷಣ ಗೊತ್ತೇ? ಎಂಕೆಲ್‌ಮನ್ ಬಿಟ್ಟ ಒಂದು ಗೋಲು. 2002ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಎದುರು ಅವರದೇ ತಂಡದ ಓಲೊಫ್ ಮೆಲ್‌ಬರ್ಗ್ ಥ್ರೋ ಮಾಡಿ ಚೆಂಡನ್ನು ಅವರತ್ತ ಎಸೆದರು. ಕಾಲಿನಲ್ಲಿ ತಡೆಯಲು ಹೋದರು, ಚೆಂಡು ಕಾಲಡಿ ಜಾರಿ ಒಳಗೆ ಹೋಯಿತು. ಥ್ರೋ ಮಾಡಿದ ಚೆಂಡು ಯಾರಿಗೂ ತಾಗದೆ ಸ್ವಂತ ಗೋಲಿಗೆ ಹೋದರೆ ಅದು ಗೋಲಲ್ಲ, ಎದುರಾಳಿಗೆ ಕಾರ್ನರ್ ಅಷ್ಟೆ. ಆದರೆ ಅವರ ಕಾಲಿಗೆ ಸವರಿದೆ ಎಂದು ರೆಫರಿ ಗೋಲು ಕೊಟ್ಟರು. ಅವರು ತಡೆದ ಚೆಂಡುಗಳನ್ನು ಲೆಕ್ಕ ಇಟ್ಟವರಿಲ್ಲ. ಈ ಒಂದನ್ನು ಮಾತ್ರ ಜನ ಇಪ್ಪತ್ತು ವರ್ಷ ದಾಟಿದರೂ ಹಾಕಿಕೊಂಡು ನಗುತ್ತಾರೆ. ಒಂದು ಬ್ಯಾಕ್‌ಲಾಗ್ ಇರುವವನನ್ನು ಇಂಟರ್‌ವ್ಯೂನಲ್ಲಿ ಅದೊಂದರ ಬಗ್ಗೆಯೇ ಕೇಳುವ ಹಾಗೆ.

ನಿಯೆಮಿ ಜೀವನದ ದೊಡ್ಡ ಪಂದ್ಯ ಬಂದದ್ದು 2003ರ ಮೇ 17ರಂದು. ಕಾರ್ಡಿಫ್‌ನಲ್ಲಿ ಎಫ್‌ಎ ಕಪ್ ಫೈನಲ್, ಎದುರಾಳಿ ಆರ್ಸೆನಲ್. ಮೊದಲಾರ್ಧದಲ್ಲೇ ರಾಬೆರ್ ಪಿರೆಸ್ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ನಿಯೆಮಿ ಕಾಲಿಗೆ ಗಾಯವಾಗಿ ಹೊರನಡೆಯಬೇಕಾಯಿತು. ಬದಲಿಗೆ ಬಂದವರು ವೇಲ್ಸ್‌ನ ಪಾಲ್ ಜೋನ್ಸ್. ನಿಯೆಮಿ ಬರುವ ತನಕ ಸೌತಾಂಪ್ಟನ್‌ನ ಗೋಲು ಕಾಯುತ್ತಿದ್ದದ್ದು ಇದೇ ಜೋನ್ಸ್. ಎಫ್‌ಎ ಕಪ್ ಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ ಮೊದಲ ಗೋಲ್‌ಕೀಪರ್ ಎಂಬ ದಾಖಲೆ ಅವರದಾಯಿತು. ಅವರು ಒಂದೂ ಗೋಲು ಬಿಡಲಿಲ್ಲ. ಆದರೂ ಸೌತಾಂಪ್ಟನ್ 0–1ರಿಂದ ಸೋತಿತು.

ರೇಂಜರ್ಸ್‌ನಲ್ಲಿ ಕ್ಲೋಸ್ ಬಂದಾಗ ನಿಯೆಮಿ ಬೆಂಚಿಗೆ ಹೋದರು. ಸೌತಾಂಪ್ಟನ್‌ಗೆ ನಿಯೆಮಿ ಬಂದಾಗ ಜೋನ್ಸ್ ಬೆಂಚಿಗೆ ಹೋದರು. ಬೆಂಚ್ ಎನ್ನುವುದು ಯಾರದೋ ಸೋಲಿನ ಮುದ್ರೆಯಲ್ಲ, ಆ ಕೆಲಸದಲ್ಲೇ ಇರುವ ಒಂದು ಜಾಗ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಅಲ್ಲಿ ಕೂತಾಗ ಸಿದ್ಧರಿದ್ದೆವೋ ಇಲ್ಲವೋ ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ಕಾದರೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ’ ಎಂಬ ಮೋಟಿವೇಶನ್ ಭಾಷಣದವನು ನಾನಲ್ಲ. 2005ರಲ್ಲಿ ಸೌತಾಂಪ್ಟನ್ ಮೇಲಿನ ಲೀಗ್‌ನಿಂದ ಕೆಳಗಿಳಿಯಿತು. ನಿಯೆಮಿ 2006ರಲ್ಲಿ ಫುಲ್‌ಹ್ಯಾಮ್ ಸೇರಿದರು. ಗಾಯಗಳ ಕಾಟ ತಾಳಲಾಗದೆ 2008ರಲ್ಲಿ ನಿವೃತ್ತಿ ಹೇಳಿದರು. ಮರುವರ್ಷ ನಿವೃತ್ತಿ ಮುರಿದು ಪೋರ್ಟ್ಸ್‌ಮತ್ ಸೇರಿದರೆ, ಅಲ್ಲಿ ಒಂದೂ ಲೀಗ್ ಪಂದ್ಯ ಸಿಗಲಿಲ್ಲ. ಆ ಸೀಸನ್‌ನಲ್ಲಿ ಕ್ಲಬ್ಬೇ ಸಾಲದಲ್ಲಿ ಮುಳುಗಿ ಕೆಳಗಿನ ಲೀಗ್‌ಗೆ ಬಿತ್ತು. ದೇಶಕ್ಕೆ 67 ಪಂದ್ಯ ಆಡಿದರೂ, ಅವರ ಕಾಲದಲ್ಲಿ ಫಿನ್ಲೆಂಡ್ ಒಮ್ಮೆಯೂ ವಿಶ್ವಕಪ್ ಅಥವಾ ಯುರೋ ಕಪ್ ಮೆಟ್ಟಿಲು ಹತ್ತಲಿಲ್ಲ. ಕೊನೆಯಲ್ಲಿ ಕಪ್ ಎತ್ತಿ ಕಣ್ಣೀರು ಹಾಕುವ ದೃಶ್ಯ ಈ ಕಥೆಯಲ್ಲಿಲ್ಲ.

ಆದರೆ ನನ್ನ ಪ್ರಕಾರ ಇದರ ಮುಖ್ಯ ಭಾಗ ಶುರುವಾಗುವುದು ಆಮೇಲೆ. ನಿಯೆಮಿ ಗೋಲ್‌ಕೀಪಿಂಗ್ ಕೋಚ್ ಆದರು. ಫಿನ್ಲೆಂಡ್ ರಾಷ್ಟ್ರೀಯ ತಂಡದಲ್ಲಿ ದುಡಿದರು, ಇಂಗ್ಲೆಂಡಿನ ಬ್ರೈಟನ್ ಕ್ಲಬ್‌ನಲ್ಲೂ ಕೆಲಸ ಮಾಡಿದರು. ಗೋಲ್‌ಕೀಪಿಂಗ್ ಕೋಚ್ ಎಂದರೆ ಮುಖ್ಯ ಕೋಚ್ ಅಲ್ಲ. ಪತ್ರಿಕಾಗೋಷ್ಠಿಯಲ್ಲಿ ಕೂರುವವರಲ್ಲ, ತಂಡ ಆರಿಸುವ ಕೊನೆಯ ಮಾತೂ ಅವರದಲ್ಲ. ಮೈದಾನದ ಒಂದು ಮೂಲೆಯಲ್ಲಿ ಮೂರು–ನಾಲ್ಕು ಕೀಪರ್‌ಗಳನ್ನು ಇಟ್ಟುಕೊಂಡು ನೂರಾರು ಬಾರಿ ಚೆಂಡು ಒದೆಯುವುದು, ಕಾಲಿಡುವ ರೀತಿ ತಿದ್ದುವುದು, ಮೊನ್ನೆಯ ತಪ್ಪನ್ನು ಇವತ್ತು ಬಿಡಿಸಿ ತೋರಿಸುವುದು ಅವರ ಕೆಲಸ. ಆ ಮೂವರಲ್ಲಿ ಶನಿವಾರ ಆಡುವವನು ಒಬ್ಬ. ಉಳಿದಿಬ್ಬರನ್ನು ಮುರಿಯದಂತೆ ನೋಡಿಕೊಳ್ಳುವುದೂ ಅದೇ ಕೆಲಸದ ಭಾಗ. ಬೆಂಚಿನಲ್ಲಿ ಕೂತು ಗೊತ್ತಿರುವವರಿಗಿಂತ ಅದನ್ನು ಚೆನ್ನಾಗಿ ಮಾಡುವವರು ಯಾರು?

ಫಿನ್ಲೆಂಡಿನ ಕೀಪರ್‌ಗಳಿಗೆ ಹಳೆಯ ಗಾಯವೊಂದಿತ್ತು. 1997ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯಲ್ಲಿ ಹಂಗೆರಿ ಎದುರು ಗೆದ್ದಿದ್ದರೆ ವಿಶ್ವಕಪ್ ಪ್ಲೇಆಫ್ ಆಡಬಹುದಿತ್ತು. 1–0 ಮುನ್ನಡೆಯೂ ಇತ್ತು. ಕೊನೆಯ ಕ್ಷಣದ ಕಾರ್ನರ್‌ನಲ್ಲಿ ಚೆಂಡು ಅವರಿಗಿವರಿಗೆ ಬಡಿದು, ಕೊನೆಗೆ ಕೀಪರ್ ತೆಯುವೊ ಮೊಯ್ಲಾನೆನ್ ಮೈಗೆ ತಾಗಿ ಒಳಗೆ ಹೋಯಿತು. ಕನಸು ಅಲ್ಲಿಗೆ ಮುಗಿಯಿತು. ಮುಂದೆ 22 ವರ್ಷ ಕಾದು, 2019ರ ನವೆಂಬರ್‌ನಲ್ಲಿ ಲಿಕ್ಟನ್‌ಸ್ಟೈನ್ ತಂಡವನ್ನು 3–0ರಿಂದ ಸೋಲಿಸಿ ಫಿನ್ಲೆಂಡ್ ಮೊದಲ ಬಾರಿಗೆ ಯುರೋ ಕಪ್‌ಗೆ ಅರ್ಹತೆ ಪಡೆಯಿತು.

ಕೊರೊನಾ ಕಾರಣ ಮುಂದಕ್ಕೆ ಹೋದ ಆ ಟೂರ್ನಿಯ ಮೊದಲ ಪಂದ್ಯವನ್ನು ಅವರು ಆಡಿದ್ದು 2021ರ ಜೂನ್ 12ರಂದು, ಕೋಪನ್‌ಹೇಗನ್‌ನ ಪಾರ್ಕೆನ್ ಕ್ರೀಡಾಂಗಣದಲ್ಲಿ. ಹಿಂದೆ ನಿಯೆಮಿ ಎಫ್‌ಸಿ ಕೋಪನ್‌ಹೇಗನ್ ಪರ ಆಡುತ್ತಿದ್ದ ಅದೇ ಮೈದಾನ. ಅಂದು ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಹೃದಯಸ್ತಂಭನದಿಂದ ಮೈದಾನದಲ್ಲೇ ಕುಸಿದರು. ಅವರ ಜೀವ ಉಳಿಯಿತು ಎಂದು ತಿಳಿದ ಮೇಲೆ ಪಂದ್ಯ ಮುಂದುವರಿಯಿತು. ಯೊಯೆಲ್ ಪೊಹ್ಯನ್‌ಪಾಲೊ ಗೋಲು ಹೊಡೆದರು. ಆಮೇಲೆ ಡೆನ್ಮಾರ್ಕ್‌ಗೆ ಸಿಕ್ಕ ಪೆನಾಲ್ಟಿಯನ್ನು ಫಿನ್ಲೆಂಡಿನ ಕೀಪರ್ ಲುಕಾಸ್ ಹ್ರಾಡೆಕಿ ತಡೆದರು. ಫಿನ್ಲೆಂಡ್ 1–0ರಿಂದ ಗೆದ್ದಿತು. ಒಂಬತ್ತು ದಿನಗಳ ನಂತರ ಬೆಲ್ಜಿಯಂ ಎದುರು ಅದೇ ಹ್ರಾಡೆಕಿ ಕೈಗೆ ತಾಗಿ ಚೆಂಡು ಸ್ವಂತ ಗೋಲಿಗೆ ಹೋಯಿತು, ಫಿನ್ಲೆಂಡ್ ಸೋತು ಟೂರ್ನಿಯಿಂದ ಹೊರಬಿತ್ತು. ಆದರೆ ಹ್ರಾಡೆಕಿ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2023–24ರಲ್ಲಿ ಬಾಯರ್ ಲೆವರ್‌ಕುಸೆನ್ ತಂಡ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆದ್ದಾಗ ನಾಯಕ ಇದೇ ಹ್ರಾಡೆಕಿ. ಆಗ ಅವರಿಗೆ 34.

ಈ ಗೆಲುವುಗಳಲ್ಲಿ ಕೋಚ್‌ಗಳ ಪಾಲೆಷ್ಟು ಎಂದು ಅಳೆಯುವ ಮಾಪಕವಿಲ್ಲ. ಆದರೂ ತಾನು ಹತ್ತಲಾಗದ ಮೆಟ್ಟಿಲನ್ನು ಮುಂದಿನವರು ಹತ್ತಲು ಭುಜ ಕೊಡುವ ಕೆಲಸವನ್ನು ಫಿನ್ಲೆಂಡ್ ಒಂದು ಹುದ್ದೆಯಾಗಿ ಗುರುತಿಸಿ, ಸಂಬಳ ಕೊಟ್ಟು, ಗೌರವ ಕೊಟ್ಟಿದೆ. ನನ್ನ ತಕರಾರು ಇರುವುದು ಇಲ್ಲೇ.

ನಮ್ಮ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ತರಬೇತಿ ಎಂದರೆ ವೇದಿಕೆ ಮೇಲೆ ಯಾರನ್ನು ಕರೆಯುತ್ತಾರೆ? ಅತಿ ಹೆಚ್ಚು ಪ್ಯಾಕೇಜ್ ಪಡೆದ ಸೀನಿಯರ್‌ನನ್ನು. ಅವರು ಪಾಪ, ‘ಕಷ್ಟಪಟ್ಟು ಓದಿ, ಕಾನ್ಫಿಡೆಂಟ್ ಆಗಿರಿ’ ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ. ಆರು ಇಂಟರ್‌ವ್ಯೂಗಳಲ್ಲಿ ರಿಜೆಕ್ಟ್ ಆಗಿ ಏಳನೆಯದರಲ್ಲಿ ಸೇರಿದ ಅಕ್ಕನನ್ನು ಯಾರೂ ಕರೆಯುವುದಿಲ್ಲ. ಪಾಸಾಗಿ ಒಂದು ವರ್ಷ ಮನೆಯಲ್ಲಿದ್ದು, ಸಣ್ಣ ಕಂಪನಿ ಸೇರಿ, ಅಲ್ಲಿಂದ ಮೇಲೆ ಬಂದ ಅಣ್ಣನನ್ನು ಕರೆಯುವುದಿಲ್ಲ. ಅವರ ಫೋಟೊ ಫ್ಲೆಕ್ಸ್‌ನಲ್ಲೂ ಇರುವುದಿಲ್ಲ. ನಿಜವಾಗಿ ನಮಗೆ ಬೇಕಾದ ಗೋಲ್‌ಕೀಪಿಂಗ್ ಕೋಚ್ ಅವರು. ಯಾವ ಪ್ರಶ್ನೆಗೆ ಬಾಯಿ ಕಟ್ಟಿತು, ಆ ರಾತ್ರಿ ಮನೆಗೆ ಏನು ಹೇಳಿದರು, ಮರುದಿನ ಏನನ್ನು ತಿದ್ದಿಕೊಂಡರು ಎಂದು ಹೇಳಬಲ್ಲವರು ಅವರೊಬ್ಬರೇ. ಪ್ರತಿ ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ ಇಂಥ ಮೂವರನ್ನು ಕರೆಸಿ ಕೂರಿಸಲು ಯಾವ ಬಜೆಟ್ ಬೇಕು? ಕಾಲೇಜು ಮಾಡದಿದ್ದರೆ ಹಾಸ್ಟೆಲ್‌ನಲ್ಲಿ ನಾವೇ ಮಾಡಬಹುದು. ಚಹಾ, ಮಂಡಕ್ಕಿ ಖರ್ಚು ನನ್ನದು.

ಕೊನೆಗೆ ನನ್ನದೇ ವಿಷಯ. ಇತ್ತೀಚೆಗೆ ಬೆಂಗಳೂರಿನ ಸಣ್ಣ ಕಂಪನಿಯೊಂದು ಇಂಟರ್ನ್‌ಶಿಪ್ ಕೊಡುತ್ತೇನೆಂದಿತು, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ಡೆವಲಪರ್ ಆಗಬೇಕೆಂದಿದ್ದ ನನಗೆ ಮುಖ ಸಣ್ಣದಾಯಿತು. ಗೆಳೆಯರೂ ‘ಟೆಸ್ಟಿಂಗಾ?’ ಎಂದು ಹುಬ್ಬೇರಿಸಿದರು. ಊರಿಗೆ ಫೋನ್ ಮಾಡಿದೆ. ಅಪ್ಪ ಟೈಲರ್. ರೆಡಿಮೇಡ್ ಬಂದ ಮೇಲೆ ಅಂಗಿ ಹೊಲಿಸುವವರು ಕಡಿಮೆಯಾಗಿ, ಈಗ ಅಂಗಡಿ ನಡೆಯುವುದೇ ಆಲ್ಟರೇಶನ್‌ನಿಂದ. ಎಲ್ಲ ಕೇಳಿಸಿಕೊಂಡು, ‘ಮಷಿನ್ನು ಹೊಲಿದಿದ್ದು ಎಲ್ಲಿ ಸರಿಯಿಲ್ಲ ಅಂತ ನೋಡೋದೂ ಕೆಲಸಾನೇ ಕಣೋ ಮಗಾ. ಹೊಲಿಯೋಕೆ ಬರೋವ್ನಿಗೇ ಅದು ಕಾಣೋದು’ ಎಂದರು. ಅಪ್ಪನಿಗೆ ಎಐ ಗೊತ್ತಿಲ್ಲ, ನಿಯೆಮಿಯೂ ಗೊತ್ತಿಲ್ಲ.

ಮರುದಿನ ಕಂಪನಿಗೆ ‘ಬರ್ತೀನಿ ಸರ್’ ಎಂದು ಮೇಲ್ ಕಳಿಸಿದೆ. ಇದು ನನ್ನ ಹಾರ್ಟ್ಸ್ ಆಗುತ್ತದೋ ಪೋರ್ಟ್ಸ್‌ಮತ್ ಆಗುತ್ತದೋ, ಹೋಗಿಯೇ ನೋಡಬೇಕು. ಎರಡರಲ್ಲಿ ಯಾವುದಾದರೂ, ಮುಂದಿನ ವರ್ಷ ಜೂನಿಯರ್‌ಗಳಿಗೆ ಹೇಳಲು ನನ್ನ ಬಳಿ ಏನಾದರೂ ಇರುತ್ತದೆ. ಅಂದ ಹಾಗೆ, ಈ ಭಾನುವಾರ ಪಕ್ಕದ ಹಾಸ್ಟೆಲ್ ಜೊತೆ ಪಂದ್ಯವಿದೆ. ಮೊದಲ ವರ್ಷದ ಒಬ್ಬ ಉದ್ದನೆಯ ಹುಡುಗ ಗೋಲಲ್ಲಿ ನಿಲ್ಲಲು ಹೆದರುತ್ತಿದ್ದಾನೆ. ಶನಿವಾರ ಸಂಜೆ ಅವನನ್ನು ಮೈದಾನಕ್ಕೆ ಕರೆದಿದ್ದೇನೆ.